ತಪ್ಪು ಹಿಡಿಯುವ ಪೆನ್ಸಿಲು

ನನ್ನನ್ನು ಯಾರಾದರೂ ಬೈದು ಮೂರು ವರ್ಷವಾಗಿತ್ತು. ಹೇಳಿಕೊಳ್ಳಲು ನಾಚಿಕೆಯೇ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಯಾರಾದರೂ ಒಂದು ಸಲ ಬೈಯಲಿ ಎಂದು ಆಸೆಯಾಗಿತ್ತು.

ಮೈಸೂರಿನಲ್ಲಿ ಈ ಕೊರತೆ ಇರಲಿಲ್ಲ. ನಮ್ಮತ್ತೆ ಇದ್ದರು. ರಂಗೋಲಿಯ ಎಳೆ ಸೊಟ್ಟಗಾದರೆ, ಸೀರೆಯ ನೆರಿಗೆ ಒಂದು ಬೆರಳು ಮೇಲೇರಿದರೆ, ಒಗ್ಗರಣೆಯ ಸಾಸಿವೆ ಸೀದರೆ ನಡುಮನೆಯಲ್ಲಿ ಕೂತೇ ಅವರಿಗೆ ಗೊತ್ತಾಗುತ್ತಿತ್ತು. "ಏನಮ್ಮಾ, ಸಾಸಿವೆ ಇದ್ದಿಲಾಗೋವರೆಗೂ ಯಾರ ಧ್ಯಾನ ಮಾಡ್ತಿದ್ದೆ?" ಎನ್ನುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದೆ. ಅಮೆರಿಕದ ಸನ್ನಿವೇಲ್‌ಗೆ ಬಂದ ಹೊಸದರಲ್ಲಿ ಬೇಕೆಂದೇ ಸೀರೆಯನ್ನು ಸೊಟ್ಟಗೆ ಉಟ್ಟು ಅಪಾರ್ಟ್‌ಮೆಂಟಿನ ತುಂಬ ಮಹಾರಾಣಿಯ ಹಾಗೆ ಓಡಾಡಿದೆ. ಒಂದೇ ತಿಂಗಳಿಗೆ ಸಾಕಾಯಿತು. ನೋಡುವವರೇ ಇಲ್ಲದ ಮೇಲೆ ಸೊಟ್ಟಗಿದ್ದರೇನು, ನೆಟ್ಟಗಿದ್ದರೇನು? ಗ್ರೋಸರಿ ಅಂಗಡಿಯ ಹುಡುಗಿ ನನ್ನ ಹರಕುಮುರುಕು ಇಂಗ್ಲಿಷಿಗೂ "ವಂಡರ್‌ಫುಲ್" ಎನ್ನುತ್ತಾಳೆ. ನಮ್ಮವರಂತೂ ಬೆಳಿಗ್ಗೆ ಏಳಕ್ಕೆ ಫ್ರೀವೇ ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ತಟ್ಟೆಗೆ ಏನು ಬಡಿಸಿದರೂ ತಲೆಯೆತ್ತದೆ "ಚೆನ್ನಾಗಿದೆ" ಎನ್ನುತ್ತಾರೆ. ಆ ಒಂದು ಮಾತಿನ ಜೊತೆಗೇ ನಾನು ಸಂಸಾರ ಮಾಡುತ್ತಿದ್ದೆ.

ಹೀಗಿರುವಾಗ ಕೆಳಗಿನ ಮನೆಯ ಹೆರಾಲ್ಡ್ ಪರಿಚಯವಾದರು. ಅಂಚೆ ಕಚೇರಿಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದವರು. ಬೇಸಿಗೆಯ ಶನಿವಾರಗಳಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿವಿಯ ಸಂದಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಎಲ್ಲಿಗೋ ಹೊರಡುತ್ತಿದ್ದರು. ಒಂದು ದಿನ ಎಲ್ಲಿಗೆಂದು ಕೇಳಿದೆ. "ಮಕ್ಕಳ ತಪ್ಪು ಹಿಡಿಯೋಕೆ" ಎಂದರು, ಅವರ ಇಂಗ್ಲಿಷಿನಲ್ಲಿ. ನನಗೆ ರೋಮಾಂಚನವಾಯಿತು.

ಅವರು ಡ್ರಮ್ಮು-ಬ್ಯೂಗಲ್ ತಂಡಗಳ ಸ್ಪರ್ಧೆಗೆ ತೀರ್ಪುಗಾರರು. ಇಪ್ಪತ್ತು ತುಂಬಿದ, ತುಂಬದ ಹುಡುಗ ಹುಡುಗಿಯರು ನೂರಕ್ಕೂ ಹೆಚ್ಚು ಮಂದಿ ಫುಟ್‌ಬಾಲ್ ಮೈದಾನದಲ್ಲಿ ಬ್ಯೂಗಲ್ ಊದುತ್ತಾ, ಡ್ರಮ್ಮು ಬಾರಿಸುತ್ತಾ, ಬಾವುಟ ತಿರುಗಿಸುತ್ತಾ ಸಾಲುಗಟ್ಟಿ ನಡೆಯುತ್ತಾರೆ. ನಮ್ಮ ಪೊಲೀಸ್ ಬ್ಯಾಂಡಿನವರು ನಿಂತಲ್ಲಿ ನಿಲ್ಲಲಾರದೆ ಮೈದಾನವೆಲ್ಲ ಸುತ್ತಾಡಿದರೆ ಹೇಗಿರುತ್ತದೋ ಹಾಗೆ ಅಂದುಕೊಳ್ಳಿ. ತೀರ್ಪುಗಾರರು ಅವರ ಸಾಲುಗಳ ನಡುವೆಯೇ ಹೆಜ್ಜೆ ಹಾಕಬೇಕು. ಸ್ವರ ಜಾರಿತೋ, ಕಾಲು ತಡವಾಯಿತೋ, ಕಾಗದದ ಮೇಲೆ ಒಂದು ಗೀಟು. ಒಂದು ಗೀಟಿಗೆ ಹತ್ತನೇ ಒಂದು ಅಂಕ ಕಡಿತ. ನಮ್ಮತ್ತೆಗೆ ಈ ಕೆಲಸ ಸಿಕ್ಕಿದ್ದರೆ ಎಷ್ಟು ಪೆನ್ಸಿಲು ಸವೆಯುತ್ತಿದ್ದವೋ!

ಆದರೆ ಆ ವರ್ಷ ನಿಯಮ ಬದಲಾಯಿತು. ಅದಕ್ಕೆ ಮೊದಲೇ ಒಂದೊಂದಾಗಿ ಹಳೆಯದು ಉದುರುತ್ತಾ ಬಂದಿತ್ತಂತೆ. ಹೆಗಲಿಗೆ ಹೊತ್ತು ನಡೆಯುತ್ತಿದ್ದ ನಗಾರಿಯಂಥ ದೊಡ್ಡ ಡ್ರಮ್ಮುಗಳು ನೆಲಕ್ಕಿಳಿದು ಮೈದಾನದ ಅಂಚಿಗೆ ಕೂತವು. ನೇರ ಸಾಲುಗಳು ಡೊಂಕಾದವು. ಈಗ ಗೀಟುಗಳಿಗೇ ಸಂಚಕಾರ. ಇನ್ನು ತಪ್ಪು ಎಣಿಸಕೂಡದು, ಮಾಡಿದ್ದರಲ್ಲಿ ಒಳ್ಳೆಯದನ್ನು ಕಂಡು ಅಂಕ ಕೊಡಬೇಕು. ಹೆರಾಲ್ಡ್‌ಗೆ ಗ್ಯಾಲರಿಯ ಮೇಲೆ ಜಾಗ ಕೊಟ್ಟು, ಟೇಪ್ ರೆಕಾರ್ಡರಿನಲ್ಲಿ ಮಾತಾಡಿ ಎಂದರಂತೆ. "ಈ ವಯಸ್ಸಲ್ಲಿ ನಾನು ಹೊಗಳೋದು ಕಲೀಬೇಕು" ಎಂದು ಅವರು ಮೆಟ್ಟಿಲ ಮೇಲೆ ಕೂತು ಖಾಲಿ ಟೇಪಿಗೆ "ಗುಡ್, ವೆರಿ ಗುಡ್" ಎಂದು ಅಭ್ಯಾಸ ಮಾಡುತ್ತಿದ್ದರು.

ಅವರ ಮೊದಲ ಹೊಸ ಸ್ಪರ್ಧೆಗೆ ನಾನೂ ಹೋದೆ. ನಮ್ಮವರಿಗೆ ಶನಿವಾರವೂ ಆಫೀಸು. ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಮೈದಾನ ನೋಡೋಣವೆಂದು ಹೊರಟೆ. ಒಂದು ಹುಡುಗಿ ಸಾಲಿನಿಂದ ಹೊರಬಂದು ಒಬ್ಬಳೇ ಬ್ಯೂಗಲ್ ಊದಿದಳು. ಸ್ವರ ಏರಿತು, ಏರಿತು, ತುದಿಯಲ್ಲಿ ಒಡೆಯಿತು. ಆದರೂ ನಿಲ್ಲಿಸದೆ ಮುಗಿಸಿದಳು. ಹಳೆಯ ನಿಯಮವಿದ್ದಿದ್ದರೆ ಗೀಟಿಗೆ ಹೆದರಿ ತಂಡದವರು ಅವಳಿಗೆ ಅಷ್ಟು ಕಷ್ಟದ್ದನ್ನು ಕೊಡುತ್ತಲೇ ಇರಲಿಲ್ಲವೇನೋ. ನ್ಯಾಯವಾಗಿ ಹೇಳಬೇಕೆಂದರೆ, ಅತ್ತೆಯ ಮನೆಯಲ್ಲಿ ನಾಲ್ಕು ವರ್ಷ ನಾನೂ ಹೆದರಿ ಅದೇ ಹುಳಿ, ಅದೇ ಸಾರು, ಅದೇ ಪಲ್ಯ ಮಾಡಿದೆ. ಇಲ್ಲಿ ಬಂದ ಮೇಲೆಯೇ ಹೆಸರೇ ಗೊತ್ತಿಲ್ಲದ ತರಕಾರಿಗೆಲ್ಲ ಗೊಜ್ಜಿನ ಯೋಗ ಬಂದದ್ದು. ಹಾಗಾಗಿ ಹೊಸ ನಿಯಮವನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಇದನ್ನೇ ಹೇಳಿದೆ. ಹೆರಾಲ್ಡ್ ಅಂದರು: "ಇರಬಹುದು. ಆದರೆ ಆ ಹುಡುಗಿಯ ತುಟಿ ಒಡೆದಿತ್ತಾ, ಉಸಿರು ಸಾಲಲಿಲ್ಲವಾ, ಹೆದರಿದ್ದಳಾ? ಕೆಳಗೆ ಅವಳ ಪಕ್ಕದಲ್ಲಿದ್ದಿದ್ದರೆ ನನಗೆ ಗೊತ್ತಾಗೋದು. ತಪ್ಪು ಹಿಡಿಯೋಕೆ ಹತ್ತಿರ ಹೋಗಬೇಕು. ಮೇಲಿಂದ ನೋಡಿದರೆ ಎಲ್ಲ ಚೆನ್ನಾಗೇ ಕಾಣುತ್ತೆ." ಆ ವಾರವೇ ಅವರು ತೀರ್ಪುಗಾರಿಕೆ ಬಿಟ್ಟರು.

ಆ ಮಾತು ನನ್ನನ್ನು ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಒಂದು ಕಿತಾಪತಿ ಮಾಡಿದೆ: ಸಾರಿಗೆ ಉಪ್ಪು ಹಾಕಲಿಲ್ಲ. ನಮ್ಮವರು ಪಕ್ಕದಲ್ಲಿ ಆಫೀಸಿನ ಕಾಗದಗಳನ್ನು ಹರಡಿಕೊಂಡು, ಕಲಸಿ, ಎರಡು ತುತ್ತು ಉಂಡರು. "ಹೇಗಿದೆ?" ಎಂದೆ.

"ಚೆನ್ನಾಗಿದೆ."

"ಉಪ್ಪೇ ಹಾಕಿಲ್ಲ ಕಣ್ರೀ!"

ಅವರು ತಲೆಯೆತ್ತಿದರು. "ಆಫೀಸಲ್ಲಿ ದಿನವಿಡೀ ಇನ್ನೊಬ್ಬರು ಮಾಡಿದ ಡಿಸೈನಲ್ಲಿ ತಪ್ಪು ಹುಡುಕೋದೇ ನನ್ನ ಕೆಲಸ ಕಣೇ. ಮನೇಲಾದ್ರೂ ಬೇಡ ಅಂತ..."

"ಬೇಡ ಅಂದ್ರೆ ಹೇಗೆ? ಈ ಊರಲ್ಲಿ ನನ್ನ ಕಡೆ ನೋಡೋರು ಇನ್ಯಾರಿದ್ದಾರೆ?" ಎಂದೆ. ತಮಾಷೆಯಾಗಿ ಹೇಳಬೇಕೆಂದಿದ್ದೆ. ಅಳುವೇ ಬಂತು.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಕಾಗದಗಳನ್ನೆಲ್ಲ ಎತ್ತಿ ಕೆಳಗಿಟ್ಟರು. ಸಾರನ್ನು ಅಂಗೈಗೆ ಹಾಕಿಸಿಕೊಂಡು ಸುರಿದು, ಕಣ್ಣು ಮುಚ್ಚಿ ಯೋಚಿಸಿದರು.

"ಉಪ್ಪಿಲ್ಲ. ಹುಣಸೆಹಣ್ಣು ಮುಂದಾಗಿದೆ. ಬೇಳೆ ಸರಿಯಾಗಿ ಬೆಂದಿಲ್ಲ."

"ಬೇಳೆ ಬೆಂದಿದೆ!"

"ಎಲ್ಲಿ ಬೆಂದಿದೆ? ನೋಡು, ಇಲ್ಲಿ ನೋಡು, ಕಾಳು ಕಾಳಾಗೇ ಇದೆ."

"ನಿಮಗೇನ್ರೀ ಗೊತ್ತು ಬೇಳೆ ವಿಷಯ?"

ಅನ್ನ ಆರಿ ತಣ್ಣಗಾಗುವವರೆಗೂ ಜಗಳವಾಡಿದೆವು. ನಿಮ್ಮಾಣೆ, ಬೇಳೆ ಹದವಾಗಿ ಬೆಂದಿತ್ತು. ಆದರೂ ಕೊನೆಗೆ ನಾನೇ ಸೋತೆ. ಸೋಲಲು ಎದುರಿಗೆ ಒಬ್ಬರಿದ್ದರಲ್ಲ.