ನೂರಿಪ್ಪತ್ತರ ಗಂಟೆ

ಮೊನ್ನೆ ಜೆನಿಟಾಳ ಆಫೀಸ್ ಶರ್ಟಿನ ಗುಂಡಿ ಕಿತ್ತುಬಂತು. ನಾಲ್ಕು ತೂತಿನ, ಮುತ್ತಿನ ಬಣ್ಣದ ಸಣ್ಣ ಗುಂಡಿ. ಅಂಥದ್ದು ನನ್ನಲ್ಲಿ ಇದ್ದೇ ಇರುತ್ತದೆಂಬ ಜಂಬದಲ್ಲಿ ಖರ್ಜೂರದ ಹಳೆಯ ಡಬ್ಬಿಯನ್ನು ಊಟದ ಮೇಜಿನ ಮೇಲೆ ಸುರಿದೆ. ಏನನ್ನೂ ಎಸೆಯದವಳೆಂದು ಮನೆಯವರು ನನ್ನನ್ನು ನೋಡಿ ನಗುತ್ತಾರೆ. ನಗಲಿ. ಆದರೆ ಆ ದಿನ ಗುಂಡಿಗಳ ನಡುವಿನಿಂದ ಟಿಶ್ಯೂ ಸುತ್ತಿದ ಕಪ್ಪು ಪೆಟ್ಟಿಗೆಯೊಂದು ಉರುಳಿತು. ಬೆಂಕಿಪೊಟ್ಟಣದಷ್ಟು ದೊಡ್ಡದು, ಬಾಲದ ಹಾಗೆ ಎರಡು ವಯರಿನ ತುಂಡು, ಒಂದು ಕೆಂಪು, ಒಂದು ಕಪ್ಪು.

"ಇದೆಂತ ಆಂಟಿ?"

"ಹಳೇ ರೇಡಿಯೋದ್ದು ಎಂತದೋ," ಅಂದೆ. ಆ ಉತ್ತರ ನನ್ನ ನಾಲಿಗೆಯ ಮೇಲೆ ಇಪ್ಪತ್ತು ವರ್ಷದಿಂದ ಸಿದ್ಧವಾಗಿಯೇ ಇತ್ತು.

ಜೆನಿಟಾ ನನ್ನ ಮೈದುನ ವಿನ್ಸಿಯ ಮಗಳು. ಅಪ್ಪ ಹೋದಾಗ ಅವಳಿಗೆ ಎರಡು ವರ್ಷ. ಈಗ ಇಲ್ಲಿ ಕೊಲ್ಲಿಗೆ ಬಂದು, ವೆಸ್ಟ್ ಬೇಯ ಆಫೀಸಿನಲ್ಲಿ ಕೆಲಸ ಸಿಕ್ಕಿ, ಅಲ್ ಗರಾಫಾದ ನಮ್ಮ ಫ್ಲಾಟಿನಲ್ಲೇ ಇದ್ದಾಳೆ. ಸಂಜೆ ಡ್ರೈವಿಂಗ್ ಕ್ಲಾಸಿಗೆ ಹೋಗುತ್ತಾಳೆ.

ಆಗ ನಾವಿದ್ದದ್ದು ಮುಐದರಿನಲ್ಲಿ, ಒಂದು ವಿಲ್ಲಾವನ್ನು ಮೂರು ಪಾಲು ಮಾಡಿದ್ದರ ಹಿಂದಿನ ಪಾಲಿನಲ್ಲಿ. ವಿನ್ಸಿ ನಮ್ಮ ಜೊತೆಗೇ ಇದ್ದ. ಹೆಂಡತಿ ಲವೀನಾ ಮಗುವಿನೊಂದಿಗೆ ಊರಿನಲ್ಲಿ, ವೀಸಾಕ್ಕೆ ಕಾಯುತ್ತ. ಶುಕ್ರವಾರ ಬೆಳಿಗ್ಗೆ ಟಿವಿಯಲ್ಲಿ ಅಮೆರಿಕದ ಕಾರ್ ರೇಸಿನ ಮರುಪ್ರಸಾರ ಬರುತ್ತಿತ್ತು. ಚಕ್ರಗಳು ಮೈಯ ಹೊರಗಿರುವ, ಮಿಡತೆಯಂಥ ಕಾರುಗಳು. ಮೊಟ್ಟೆಯಾಕಾರದ ದಾರಿಯಲ್ಲಿ ಗಂಟೆಗೆ ಮುನ್ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಸುತ್ತಿದ್ದೇ ಸುತ್ತಿದ್ದು. ನಾನು ಅಲ್ಲೇ ಕೂತು ಬೀನ್ಸ್ ಮುರಿಯುತ್ತಿದ್ದೆ. ಎಲ್ಲರೂ ಎಡಕ್ಕೇ ತಿರುಗುವುದಾದರೆ ಇವರಿಗೆ ಡ್ರೈವಿಂಗ್ ಪರೀಕ್ಷೆ ಯಾಕೆ ಎಂದು ಕೇಳಿ ವಿನ್ಸಿಯಿಂದ ಕೈ ಮುಗಿಸಿಕೊಂಡವಳು ನಾನು.

ಒಂದು ದಿನ ಎರಡು ಕಾರುಗಳ ಚಕ್ರಕ್ಕೆ ಚಕ್ರ ತಾಗಿತು. ಒಂದು ಕಾರು ಎದ್ದು ಹಾರಿ ಗೋಡೆಗೆ ಬಡಿದು ಚೂರುಚೂರಾಯಿತು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಮಡಿಲಿನ ಬೀನ್ಸ್ ನೆಲಕ್ಕೆ ಚೆಲ್ಲಿತು.

"ಹೆದರಬೇಡಿ ವೊನಿ." ವೊನಿ ಅಂದರೆ ನಮ್ಮ ಕೊಂಕಣಿಯಲ್ಲಿ ಅತ್ತಿಗೆ. "ಚೂರಾಗುವುದೇ ಒಳ್ಳೇದು. ಕಾರು ಎಷ್ಟು ಚೂರಾಗ್ತದೋ ಅಷ್ಟು ಪೆಟ್ಟು ಅಲ್ಲೇ ಮುಗೀತದೆ, ಮನುಷ್ಯನಿಗೆ ಕಡಿಮೆ ಉಳೀತದೆ. ಈಗ ಗೋಡೆ ಕೂಡ ಸ್ವಲ್ಪ ಒಳಗೆ ಬಗ್ಗುವ ಹಾಗೆ ಕಟ್ಟಿದ್ದಾರೆ. ನೋಡಿ, ನೋಡಿ, ಎದ್ದ!"

ನಿಜವಾಗಿಯೂ ಆ ಮನುಷ್ಯ ಚೂರುಗಳ ನಡುವಿನಿಂದ ಎದ್ದು ನಿಂತು ಕೈ ಬೀಸಿದ. ಹಳದಿ ಬಾವುಟ ಬಂತು. ಉಳಿದವರೆಲ್ಲ, ಮುಂದಿದ್ದವನೂ ಸೇರಿ, ವೇಗ ಇಳಿಸಿ ಒಬ್ಬರ ಹಿಂದೆ ಒಬ್ಬರು ಮೆಲ್ಲಗೆ ಸಾಲಾಗಿ ಹೋದರು. ಒಬ್ಬನಿಗೆ ಪೆಟ್ಟಾದರೆ ಎಲ್ಲರೂ ನಿಧಾನವಾಗುವುದು ನನಗೆ ಬಹಳ ಹಿಡಿಸಿತು.

"ಅಷ್ಟು ಸ್ಪೀಡಿನಲ್ಲಿ ಪಕ್ಕದವನು ಹೇಗೆ ಕಾಣ್ತಾನೆ ಮಾರಾಯ?" ಎಂದು ಕೇಳಿದೆ.

"ಕಾಣುವುದಿಲ್ಲ. ಒಳಗೆ ಕೂತವನಿಗೆ ಸ್ಪೀಡೂ ಗೊತ್ತಾಗುವುದಿಲ್ಲ. ಮೇಲೆ ಮಾಡಿನಲ್ಲಿ ಒಬ್ಬ ನಿಂತಿರ್ತಾನೆ, ಸ್ಪಾಟರ್ ಅಂತ. ಇವನ ಕಿವಿಯಲ್ಲೇ ಮಾತಾಡ್ತಿರ್ತಾನೆ: ಒಳಗಡೆ ಒಬ್ಬ ಇದ್ದಾನೆ, ಈಗ ದಾರಿ ಖಾಲಿ, ಮುಂದೆ ಆಕ್ಸಿಡೆಂಟ್. ಅವನೊಬ್ಬ ಇಲ್ಲದಿದ್ದರೆ ಖಲಾಸ್."

ಆ ಕಾಲದ ಕೊಲ್ಲಿಯ ಕಾರುಗಳಲ್ಲಿ ನೀವು ಕೂತಿದ್ದರೆ ನಿಮಗೆ ಗೊತ್ತಿರುತ್ತದೆ: ವೇಗ ನೂರಿಪ್ಪತ್ತು ದಾಟಿದರೆ ಎಲ್ಲಿಂದಲೋ ಒಂದು ಗಂಟೆ ಬಡಿಯುತ್ತಿತ್ತು. ಟಿಣ್, ಟಿಣ್, ಟಿಣ್. ವೇಗ ಇಳಿಸುವವರೆಗೆ ಬಿಡುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಗಂಟೆ ಬಡಿದರೆ ಅರ್ಧ ಶಬ್ದಕ್ಕೇ ಬಾಯಿ ಮುಚ್ಚಲು ಕಲಿತವಳು ನಾನು. ಆದರೂ ಈ ಗಂಟೆ ನನಗೆ ಆಗಿಬರಲಿಲ್ಲ. ರಜೆಯ ಸಂಜೆ ದುಖಾನ್ ಸಮುದ್ರಕ್ಕೆ ಹೋಗುವಾಗ ಕಾರಿನಲ್ಲಿ ಜಪಸರ ಹೇಳುವುದು ನನ್ನ ಪದ್ಧತಿ. ಆಕ್ಸಿಲರೇಟರಿನ ಮೇಲೆ ನಮ್ಮವರ ಕಾಲು ಸ್ವಲ್ಪ ಭಾರ. 'ನಮೋ ಮರಿಯಾ' ಎನ್ನುವಷ್ಟರಲ್ಲಿ ಟಿಣ್. ಮಕ್ಕಳು ಹಿಂದಿನ ಸೀಟಿನಲ್ಲಿ ಮುಸಿಮುಸಿ. "ಮಮ್ಮಿ, ಕಾರೂ ಪ್ರೇ ಮಾಡ್ತದೆ!" ಎಷ್ಟನೆಯ ಮಣಿ ಎಂಬುದೇ ತಪ್ಪಿಹೋಗುತ್ತಿತ್ತು.

ಗಂಡನಿಗೆ ಕಾಲು ಎತ್ತಿ ಎಂದು ಹೇಳಬಹುದಿತ್ತು. ನಾನು ಹೇಳಿದ್ದು, "ಆ ಗಂಟೆ ತೆಗೆಸಿಬಿಡಿ."

ಎಲ್ಲರೂ ತೆಗೆಸುತ್ತಿದ್ದರು. ಗ್ಯಾರೇಜಿನ ಮಲಯಾಳಿ ಮೆಕ್ಯಾನಿಕ್ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಎರಡೇ ನಿಮಿಷದಲ್ಲಿ ಈ ಪೆಟ್ಟಿಗೆ ಕಿತ್ತು, ಕಾರಿನಲ್ಲಿದ್ದ ನಮ್ಮದೇ ಡಬ್ಬಿಯ ಟಿಶ್ಯೂ ಎಳೆದು ಸುತ್ತಿ ನನ್ನ ಕೈಗೆ ಕೊಟ್ಟ. "ಖಲಾಸ್ ಚೇಚಿ. ಇನಿ ಸಮಾಧಾನಂ." ಮುಗಿಯಿತು ಅಕ್ಕ, ಇನ್ನು ಸಮಾಧಾನ.

"ಪಾಪ, ಅದು ನಮ್ಮ ಸ್ಪಾಟರ್ ಆಗಿತ್ತು ವೊನಿ," ಎಂದ ವಿನ್ಸಿ.

"ನಾನಿದ್ದೇನಲ್ಲ, ನಾನು ಹೇಳ್ತೇನೆ," ಅಂದೆ.

ಹೇಳಲು ನಾನು ಕಾರಿನಲ್ಲಿರಬೇಕಲ್ಲ! ಎರಡು ತಿಂಗಳ ನಂತರ ದುಖಾನಿನ ಸೈಟಿಗೆ ವಿನ್ಸಿ ನಮ್ಮ ಕಾರು ತೆಗೆದುಕೊಂಡು ಹೋಗಿದ್ದ. ಮರಳಿ ಬರುವಾಗ ಮಧ್ಯಾಹ್ನ ಮೂರು ಗಂಟೆ, ನೆಟ್ಟಗಿನ ದಾರಿ, ಒಳ್ಳೆಯ ಬೆಳಕು. ಮುಂದಿನ ಟಯರ್ ಒಡೆಯಿತು. ಕಾರು ದಾರಿಬದಿಯ ಕಂಬಕ್ಕೆ ಬಡಿಯಿತು. ಬೆಲ್ಟ್ ಹಾಕಿದ್ದ, ಅವನು ಹಾಕದೆ ಕೂತದ್ದೇ ಇಲ್ಲ. ವೇಗದ ಮುಳ್ಳು ನೂರೈವತ್ತರ ಹತ್ತಿರ ಸಿಕ್ಕಿಕೊಂಡು ನಿಂತಿತ್ತೆಂದು ಪೊಲೀಸರು ನಮ್ಮವರಿಗೆ ಹೇಳಿದರು. ಅವಸರವೇನೂ ಇರಲಿಲ್ಲ ಅವನಿಗೆ. ಒಳಗೆ ಕೂತವನಿಗೆ ಗೊತ್ತಾಗುವುದಿಲ್ಲ ಎಂದಿದ್ದನಲ್ಲ.

ಕಾರು ನೋಡಲು ನಾನೂ ಹೋದೆ. ಅದು ಚೂರಾಗಿರಲಿಲ್ಲ. ಹಿಂದಿನ ಗಾಜಿನ ಬಳಿ ಟಿಶ್ಯೂ ಡಬ್ಬಿ ಇಟ್ಟಲ್ಲೇ ಇತ್ತು. ಪೆಟ್ಟೆಲ್ಲ ಎಲ್ಲಿ ಮುಗಿಯಿತೆಂದು ನಾನು ಯಾರನ್ನೂ ಕೇಳಲಿಲ್ಲ. ಹಿಂತಿರುಗುವಾಗ ಅದೇ ದಾರಿಯಲ್ಲಿ ಲ್ಯಾಂಡ್ ಕ್ರೂಸರುಗಳು ದೀಪ ಮಿನುಗಿಸಿ ನಮ್ಮನ್ನು ಪಕ್ಕಕ್ಕೆ ಸರಿಸುತ್ತ ಹಾರಿಹೋದವು. ಒಬ್ಬರೂ ನಿಧಾನ ಮಾಡಲಿಲ್ಲ.

ಆದರೆ ನಾನು ಬಚ್ಚಿಟ್ಟದ್ದು ಇದಲ್ಲ. ಊರಿಗೆ ದೇಹ ಹೋಯಿತು, ನಾವೂ ಹೋದೆವು. ಮಣ್ಣು ಮುಗಿಸಿ ಬಂದ ಮೇಲೆ ಲವೀನಾ ನನ್ನ ಕೈ ಹಿಡಿದು ಕೇಳಿದಳು, "ವೊನಿ, ನಿಮ್ಮ ಕಾರಿನಲ್ಲಿ ಗಂಟೆ ಉಂಟು, ಜೋರು ಹೋದರೆ ಬಡೀತದೆ, ನೀನು ಹೆದರಬೇಡ ಅಂತ ಇವರು ಫೋನಿನಲ್ಲಿ ಹೇಳ್ತಿದ್ದರು. ಅದು ಬಡೀಲಿಲ್ವಾ?"

ಕಿತ್ತ ಸುದ್ದಿಯನ್ನು ವಿನ್ಸಿ ಅವಳಿಗೆ ಹೇಳಿರಲಿಲ್ಲ. ಹೆದರಬಾರದೆಂದೇ ಇರಬೇಕು.

"ಬಡಿದಿರಬೇಕು," ಅಂದೆ ನಾನು.

ಒಂದೇ ಶಬ್ದ. ಲವೀನಾ ನನ್ನ ಕೈ ಬಿಟ್ಟಳು. ಅವಳ ಮುಖದಲ್ಲಿ ದುಃಖದ ಪಕ್ಕಕ್ಕೆ ಸಿಟ್ಟು ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ, ಸುಮ್ಮನಿದ್ದೆ. ನಮ್ಮವರಿಗೂ ಇದನ್ನು ಹೇಳಲಿಲ್ಲ.

ಮೇಜಿನ ಮುಂದೆ ಜೆನಿಟಾ ಆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದಳು. "ಇವತ್ತು ಕ್ಲಾಸಿನಲ್ಲಿ ವಾರ್ನಿಂಗ್ ಬಂದದ್ದೇ ನಾನು ಬ್ರೇಕ್ ಒತ್ತಿದೆ," ಅಂದಳು. "ಸರ್ ನಕ್ಕರು. ನನಗೆ ಅಮ್ಮ ಹೇಳುವುದೇ ನೆನಪಾಗುವುದು. ಗಂಟೆ ಬಡಿದರೂ ನಿನ್ನ ಪಪ್ಪ ಕೇಳಲಿಲ್ಲ, ನಮ್ಮ ನೆನಪೂ ಮಾಡಲಿಲ್ಲ ಅಂತ."

ನಾನು ಸೂಜಿ ದಾರ ಕೆಳಗಿಟ್ಟೆ.

"ಗಂಟೆ ಬಡೀಲಿಲ್ಲ ಮಗಾ," ಅಂದೆ. "ಅದು ನಿನ್ನ ಕೈಯಲ್ಲಿ ಉಂಟು."

ಎಲ್ಲವನ್ನೂ ಹೇಳಿದೆ. ಜಪಸರ, ಮೆಕ್ಯಾನಿಕ್, ಟಿಶ್ಯೂ, ಆ ಒಂದು ಶಬ್ದ. ಅವಳು ಅಳಲಿಲ್ಲ. ಬೈಯಲೂ ಇಲ್ಲ, ಬೈದಿದ್ದರೆ ನನಗೆ ಸುಲಭವಿತ್ತು. ಕೆಂಪು ವಯರನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಬಡಿದಿದ್ದರೆ ಪಪ್ಪ ನಿಧಾನ ಮಾಡ್ತಿದ್ದರಾ?"

"ಗೊತ್ತಿಲ್ಲ."

"ಹೇಗೆ ಬಡೀತಿತ್ತು?"

ಐವತ್ತೇಳು ವರ್ಷದ ನಾನು ಊಟದ ಮೇಜಿನ ಮುಂದೆ ಕೂತು ಬಾಯಿಯಲ್ಲಿ ಮಾಡಿ ತೋರಿಸಿದೆ. ಟಿಣ್. ಟಿಣ್. ಟಿಣ್.

ಜೆನಿಟಾ ತನ್ನ ಫೋನಿನಲ್ಲಿ ಅಮ್ಮನ ನಂಬರು ಒತ್ತಿ, ಅದನ್ನು ಗುಂಡಿಗಳ ನಡುವೆ ನನ್ನ ಮುಂದೆ ಇಟ್ಟಳು. "ಅಮ್ಮ ಇಷ್ಟು ವರ್ಷ ಪಪ್ಪನ ಮೇಲೆ ಸಿಟ್ಟಿನಲ್ಲೇ ಇದ್ದಾರೆ ಆಂಟಿ. ನಾನು ಹೇಳುವುದಿಲ್ಲ. ನೀವೇ ಹೇಳಿ."

ಆ ಕಡೆ ಗಂಟೆ ಬಡಿಯತೊಡಗಿತು. ಲವೀನಾ ಬೇಗ ಎತ್ತಲಿಲ್ಲ. ನಾನು ಕಾದೆ.