ಚೀಲದ ಬಾಯಿ ಹಿಡಿದವನು

ಬ್ಯಾಡಗಿಯಲ್ಲಿ ಸೀನಿಗೆ ಎಲ್ಲ ಮಾಫಿ. ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಸೀನಿದರೂ ಯಾರೂ ಅಪಶಕುನ ಅನ್ನುವುದಿಲ್ಲ, ಮೆಣಸಿನಕಾಯಿ ಘಾಟು ಎಂದು ತಾವೂ ಮೂಗು ಒರೆಸಿಕೊಳ್ಳುತ್ತಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಆ ಮಾಫಿಯ ಹಿಂದೆ ಎರಡು ತಿಂಗಳು ಅಡಗಿದ್ದೆ.

ಮೆಣಸಿನಕಾಯಿ ಹಗುರ, ಚೀಲಕ್ಕೆ ಸುರಿದರೆ ಸಾಲದು. ಒಬ್ಬ ಒಳಗಿಳಿದು ತುಳಿಯಬೇಕು, ಇನ್ನೊಬ್ಬ ಚೀಲದ ಬಾಯಿ ಬಿಗಿಯಾಗಿ ಹಿಡಿಯಬೇಕು. ಮಾರ್ಕೆಟ್ ಯಾರ್ಡಿನಲ್ಲಿ ನಾವಿಬ್ಬರೂ ಹಮಾಲರು; ತುಳಿಯುವವನು ನನ್ನ ಅಣ್ಣ, ಹಿಡಿಯುವವನು ನಾನು. ಒಂದು ದಿನ ನನ್ನ ಹಿಡಿತ ತಪ್ಪಿ ಚೀಲ ವಾಲಿತು. ಅಣ್ಣನ ಪಾದ ಕಾಯಿಯೊಳಗೇ ಉಳಿಯಿತು, ಮೈ ಮಾತ್ರ ತಿರುಗಿತು, ಮೊಣಕಾಲು ಟಪ್ಪೆಂದಿತು. "ಸೀನು ಬಂತಣ್ಣಾ" ಎಂದೆ. ಎಲ್ಲರೂ ನಂಬಿದರು. ಖರೇ ಸಂಗತಿಯೆಂದರೆ, ಹಮಾಲರ ಕೈಗೂ ಮೊಬೈಲು ಬರತೊಡಗಿದ್ದ ಕಾಲ ಅದು. ಹೊಸದಾಗಿ ಕೊಂಡ ನನ್ನದು ಜೇಬಿನಲ್ಲಿ ಮೊದಲ ಸಲ ನಡುಗಿತ್ತು.

ರಾಣೇಬೆನ್ನೂರಿನ ಡಾಕ್ಟರು ಕಾಲನ್ನು ಅತ್ತಿತ್ತ ಎಳೆದು, ಸ್ಕ್ಯಾನ್ ನೋಡಿ, "ಲಿಗಮೆಂಟ್ ಅಂದ್ರ ಎಲುಬಿಗೆ ಎಲುಬು ಕಟ್ಟಿದ ಹಗ್ಗ ಇದ್ದಂಗ್ರಿ. ಅರ್ಧ ಹರದೈತಿ. ಆಪರೇಷನ್ ಬ್ಯಾಡ, ಬೆಲ್ಟ್ ಕಟ್ರಿ, ಬರ್ಫ ಇಡ್ರಿ, ದಿನಾ ವ್ಯಾಯಾಮ ಮಾಡ್ರಿ" ಎಂದರು. ಊರ ತುಂಬ ಕೋಲ್ಡ್ ಸ್ಟೋರೇಜು, ಎಲ್ಲವೂ ಮೆಣಸಿನಕಾಯಿಗೆ. ಮನುಷ್ಯನ ಮೊಣಕಾಲಿಗೆ ಐಸ್‌ಕ್ಯಾಂಡಿ ಗಾಡಿಯವನೇ ಗತಿ. "ಇವನನ್ನೂ ಒಂದು ಚೀಲದಾಗ ತುಂಬಿ ಸ್ಟೋರೇಜಿನಾಗ ಇಟ್ಟು ಬಾರೋ" ಎಂದಳು ಅವ್ವ.

ವ್ಯಾಯಾಮವೆಂದರೆ ಅಂಗಾತ ಮಲಗಿ ಕಾಲು ನೆಟ್ಟಗೆ ಎತ್ತಿ ಹತ್ತು ಎಣಿಸುವುದು. ಅಣ್ಣನಿಗೆ ಬೇಸರ. ತಪ್ಪಿತಸ್ಥನಾದ ನಾನು ಹುರುಪು ತುಂಬಲು ಪಕ್ಕದಲ್ಲಿ ಮಲಗಿ ಎತ್ತತೊಡಗಿದೆ. ಕ್ರಮೇಣ ಎತ್ತುವುದು ನನ್ನ ಪಾಲಿಗೂ ಎಣಿಸುವುದು ಅವನ ಪಾಲಿಗೂ ಬಂತು. ಎರಡು ತಿಂಗಳಲ್ಲಿ ನನ್ನ ತೊಡೆ ಪೈಲ್ವಾನನದಾಯಿತು. ಅವನ ಕಾಲು ನೋಡಿದ ಡಾಕ್ಟರು, "ಚೀಲ ತುಳಿಯೂದು ಇನ್ನ ಬಿಟ್ಟಬಿಡ್ರಿ" ಎಂದರು.

ಯಾರ್ಡಿನಲ್ಲಿ ಅವನಷ್ಟು ಗಟ್ಟಿಯಾಗಿ ತುಳಿಯುವವರೇ ಇರಲಿಲ್ಲ. ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಅವತ್ತ ನಂಗ ಸೀನು ಬಂದಿರಲಿಲ್ಲ. ಫೋನ್ ಬಂದಿತ್ತು."

"ಯಾರ್ದು?"

"ಎತ್ತೂದ್ರಾಗ ಬಂದ್ ಆತು."

ಮೋಟೆಬೆನ್ನೂರು ದಾಟುವವರೆಗೂ ಅವನು ಮೊಣಕಾಲಿನ ಬೆಲ್ಟ್ ಬಿಗಿಯುತ್ತ ಸಡಿಲಿಸುತ್ತ ಇದ್ದ. ಆಮೇಲೆ, "ನಾಳಿಂದ ಚೀಲದಾಗ ನೀ ಇಳೀಲೇ. ನಾ ಹಿಡೀತೇನಿ" ಎಂದ.

ಮೊದಲ ವಾರವೆಲ್ಲ, ಈಗ ಬಿಡುತ್ತಾನೆ, ಆಗ ಬಿಡುತ್ತಾನೆ ಎಂದು ಅವನ ಕೈಯನ್ನೇ ನೋಡುತ್ತ ತುಳಿದೆ. ಅವನ ಕಣ್ಣು ಮೂಗು ಸುರಿಯುತ್ತಿದ್ದರೂ ಆ ಹಿಡಿತ ಒಮ್ಮೆಯೂ ಸಡಿಲಲಿಲ್ಲ. ಇಂದಿಗೂ ಸಡಿಲಾಗಿಲ್ಲ. ಬಸ್ಸಿನಲ್ಲೇ ನಾಲ್ಕು ಏಟು ಹಾಕಿದ್ದರೆ ನನ್ನ ತಪ್ಪಿನ ಲೆಕ್ಕ ಅವತ್ತೇ ಮುಗಿದುಹೋಗುತ್ತಿತ್ತು.