ಮೋಟುಮೇಳಿಯ ನೇಗಿಲು

ದಿನಕ್ಕೆ ಮೂರು ಸಲ, ರಜಾದಿನಗಳಲ್ಲಿ ಐದು ಸಲ, ಅವಳು ಆ ಸುಳ್ಳನ್ನು ಹೇಳುತ್ತಿದ್ದಳು. ತಲೆಯ ಮೇಲೆ ಬುತ್ತಿಯ ಗಂಟು ಹೊತ್ತು ಬದುವಿನ ಮೇಲೆ ನಡೆದು ಬರಬೇಕು, ಬೇಲಿಯಾಚೆ ಟಿಕೆಟ್ ಹಿಡಿದು ನಿಂತ ಜನರ ಕಡೆ ತಿರುಗಬೇಕು, ಒಂದು ಕೈ ಸೊಂಟದ ಮೇಲೆ ಇಟ್ಟು ನಗುತ್ತ ಹೇಳಬೇಕು: "ನಮ್ಮ ಕಾಲದಲ್ಲಿ ಹೆಂಗಸರು ನೇಗಿಲು ಮುಟ್ಟಲ್ಲ. ಅದೇನಿದ್ರೂ ಗಂಡಸರ ಕೆಲಸ. ನಮ್ಮದು ಬುತ್ತಿ ತರೋದು ಅಷ್ಟೇ." ಎಲ್ಲಿ ನಗಬೇಕು ಎಂಬುದನ್ನೂ ಕಾಗದದಲ್ಲಿ ಬರೆದುಕೊಟ್ಟಿದ್ದರು. ಗಂಟಿನಲ್ಲಿ ಬುತ್ತಿ ಇರಲಿಲ್ಲ, ಹೊಟ್ಟು ತುಂಬಿದ್ದರು.

ಊರಾಚೆ ಹೆದ್ದಾರಿಯ ಪಕ್ಕದ ಆ ಜಾಗಕ್ಕೆ "ನೂರು ವರ್ಷದ ಹಿಂದಿನ ಹೊಲಮನೆ" ಎಂದು ಹೆಸರು. ಅದೊಂದು ಮ್ಯೂಸಿಯಂ. ಒಳಗೆ ಬಂದವರಿಗೆ ಅಜ್ಜ ಮುತ್ತಜ್ಜಂದಿರ ಬದುಕನ್ನು ಕಣ್ಣೆದುರೇ ನಡೆಸಿ ತೋರಿಸುತ್ತಾರೆ. ಮಣ್ಣಿನ ಗೋಡೆ ಎಂದು ಕಾಣುವುದು ಸಿಮೆಂಟಿನ ಮೇಲೆ ಬಳಿದ ಮಣ್ಣು. ಒಲೆಯೊಳಗೆ ಗ್ಯಾಸ್ ಬರ್ನರ್. ಬಾವಿಯ ರಾಟೆ ಚೆನ್ನಾಗಿಯೇ ತಿರುಗುತ್ತದೆ, ನೀರು ಮಾತ್ರ ಹಿತ್ತಲ ನಲ್ಲಿಯದು. ಅಲ್ಲಿ ಅಸಲಿ ಎಂದರೆ ಎರಡು ಎತ್ತುಗಳೇ. ಅವುಗಳ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಅವಳದು ಯಜಮಾನಿಯ ಪಾತ್ರ. ಹಾಗಾಗಿ ಗೇಟಿನವನಿಂದ ಮ್ಯಾನೇಜರ್‌ವರೆಗೆ ಎಲ್ಲರೂ ಅವಳನ್ನು ಕರೆಯುವುದು "ಯಜಮಾನಿ" ಎಂದೇ. ಹದಿನೆಂಟು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದು ಕಣ್ಣು ಮಂಜಾದ ಮೇಲೆ ಇಲ್ಲಿಗೆ ಬಂದವಳು, ಆರು ವರ್ಷವಾಯಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಗಂಡ, "ಮನೇಲೂ ನೀನೇ ಯಜಮಾನಿ, ಅಲ್ಲೂ ನೀನೇ. ನಾನೆಲ್ಲಿ ಹೋಗ್ಲಿ?" ಎಂದು ರೇಗಿಸುತ್ತಿದ್ದ. ಮ್ಯೂಸಿಯಮ್ಮಿನಲ್ಲಿ ಯಜಮಾನನ ಪಾತ್ರದವನೋ, ನಾಟಕ ಕಂಪನಿಯಿಂದ ಬಂದ ಡೊಳ್ಳುಹೊಟ್ಟೆಯವನು. ಒಳ್ಳೆಯ ಮನುಷ್ಯ. ಮೀಸೆ ಅಂಟಿಸಿಕೊಂಡದ್ದು, ಉಳುಮೆ ಅಂಟಿಸಿಕೊಳ್ಳಲು ಬರುವಂಥದಲ್ಲ. ಸಾಲು ಹಾವಿನ ಹಾಗೆ ಹರಿದರೆ, "ಈ ಎತ್ತುಗಳಿಗೆ ಬುದ್ಧಿ ಇಲ್ಲ" ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನು ನೋಡುವಾಗಲೆಲ್ಲ ಅವಳ ಅಂಗೈ ತುರಿಸುತ್ತಿತ್ತು.

ಹೊಸ ಪ್ರದರ್ಶನ ಕೋಣೆ ತೆರೆದು ಒಂದು ವಾರವಾಗಿತ್ತು. ಸುತ್ತಲ ಊರುಗಳಿಗೆ ವ್ಯಾನು ಕಳಿಸಿ, ಅಟ್ಟ ಕೊಟ್ಟಿಗೆಗಳಲ್ಲಿ ಗೆದ್ದಲು ಹಿಡಿಯುತ್ತಿದ್ದ ಹಳೆಯ ಸಾಮಾನುಗಳನ್ನು ಕೇಳಿ ತಂದು ಅಲ್ಲಿ ಜೋಡಿಸಿದ್ದರು. ಅವಳು ದಿನವೂ ಆ ಕೋಣೆಯ ಮೂಲಕವೇ ಓಡಾಡುತ್ತಿದ್ದಳು, ಆದರೆ ವೇಷದಲ್ಲಿರುವಾಗ ಕನ್ನಡಕ ಹಾಕುವಂತಿಲ್ಲ, ನೂರು ವರ್ಷದ ಹಿಂದೆ ಯಜಮಾನಿಗೆಲ್ಲಿಯ ಕನ್ನಡಕ! ಒಂದು ಸಂಜೆ ವೇಷ ಕಳಚಿ, ಕನ್ನಡಕ ಏರಿಸಿಕೊಂಡು ಮನೆಗೆ ಹೊರಟವಳ ಕಾಲು ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಂತೇಬಿಟ್ಟಿತು.

ಒಳಗಿದ್ದುದು ಅವಳ ಅಮ್ಮನ ನೇಗಿಲು. ಮೇಳಿ, ಅಂದರೆ ಉಳುವವರು ಹಿಡಿಯುವ ನಿಲುಗಂಬ, ಮೇಲಿನಿಂದ ಒಂದು ಮೋಟುಗೇಣು ಕುಯ್ದು ಹಾಕಿದ್ದು. ಕೆಳಗೆ ಇಳಿಸಿ ಬಡಿದ ಹಿಡಿಗೂಟ, ಸೀಳಿಗೆ ಹೊಡೆದ ಎಣ್ಣೆಡಬ್ಬಿಯ ತಗಡು, ಮೊದಲು ತಪ್ಪಾಗಿ ಎಳೆದ ಗರಗಸದ ಒಂದು ಗಾಯ. ಆ ಗಾಯ ಬೀಳುವಾಗ ಮೇಳಿಯನ್ನು ಅಲುಗದಂತೆ ಒತ್ತಿ ಹಿಡಿದುಕೊಂಡಿದ್ದವಳು ಇವಳೇ. ಆಗ ಅವಳಿಗೆ ಹತ್ತು ವರ್ಷ.

ಕೆಳಗೆ ಚೀಟಿ: "ಹುಡುಗರ ನೇಗಿಲು. ಗಂಡುಮಕ್ಕಳಿಗೆ ಉಳುಮೆ ಕಲಿಸಲು ಅಳತೆ ಕಡಿಮೆ ಮಾಡಿ ತಯಾರಿಸಿದ್ದು."

ಅಡಿಯಿಂದ ಮುಡಿಯವರೆಗೆ ಉರಿ ಹತ್ತಿತು. ಅಪ್ಪ ಸತ್ತ ವರ್ಷ ಉಳಲು ಯಾರೂ ಬರಲಿಲ್ಲ. ಇವತ್ತು ನಾಳೆ ಎಂದು ಎಲ್ಲರೂ ಸಾಗಹಾಕಿದರು. ಅಮ್ಮ ಕುಳ್ಳಿ. ಗಂಡನ ನೇಗಿಲು ಹೂಡಿ ಎರಡು ದಿನ ಉತ್ತಳು, ಮೂರನೆಯ ದಿನ ಪಕ್ಕದ ಮನೆಯಿಂದ ಗರಗಸ ಕೇಳಿ ತಂದಳು. ಆಮೇಲೆ ಹದಿನೆಂಟು ವರ್ಷ ಅದೇ ನೇಗಿಲಿನಲ್ಲಿ ಉತ್ತಳು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಿದ್ದರು. ಕಾಳು ಮನೆಗೆ ಬಂದಾಗ ಮಾತ್ರ ಯಾರೂ ನಗಲಿಲ್ಲ, ಕಡ ಕೇಳಲು ಬಂದರು.

ಆ ನಗೆಗೆ ಹೆದರಿ ಶಾಲೆಯಲ್ಲಿ ಅವಳೊಂದು ಕತೆ ಕಟ್ಟಿದ್ದಳು: "ನಮ್ಮ ಹೊಲ ಮಾವ ಬಂದು ಉಳ್ತಾನೆ." ಅಂಥ ಮಾವನೇ ಇರಲಿಲ್ಲ. ಮಾತು ಹೇಗೋ ಅಮ್ಮನ ಕಿವಿಗೆ ಬಿತ್ತು. ಆ ದಿನ ಊಟಕ್ಕೆ ಕೂತಾಗ ಅಮ್ಮ ಮುಖ ಎತ್ತದೆ, "ಆ ಮಾವನಿಗೂ ಒಂದು ತಟ್ಟೆ ಇಡು ಹಾಗಾದ್ರೆ, ಪಾಪ, ಉತ್ತು ಸುಸ್ತಾಗಿರ್ತಾನೆ" ಎಂದಿದ್ದಳು. ಅಷ್ಟೇ. ಒಂದು ಏಟು ಬಿದ್ದಿದ್ದರೆ ಮರೆತುಹೋಗುತ್ತಿತ್ತು. ಈ ಮಾತು ಮರೆತುಹೋಗಲಿಲ್ಲ.

ಮರುದಿನ ಕೆಲಸಕ್ಕೆ ಮೊದಲೇ ಚೀಟಿ ಸಾರ್ ಕೋಣೆಗೆ ಹೋದಳು. ಸಾಮಾನುಗಳ ಇತಿಹಾಸ ಹುಡುಕಿ ಚೀಟಿ ಬರೆಯುವ ಅಧಿಕಾರಿ ಅವರು, ಹಾಗಾಗಿ ಆ ಹೆಸರು. ವಿನಯದ ಮನುಷ್ಯ. ಆ ವಿನಯವೇ ಮೊದಲು ಅವಳ ಮೈ ಉರಿಸಿದ್ದು.

"ಹುಡುಗರ ನೇಗಿಲು ಅಂತ ಬರೆದಿದೀರಲ್ಲ ಸಾರ್, ಅದು ತಪ್ಪು. ಅದು ನಮ್ಮಮ್ಮನದು. ಅವಳೇ ಉಳ್ತಿದ್ದಳು."

"ಕೂತ್ಕೊಳ್ಳಮ್ಮ. ಬಾಯಿಮಾತಿನ ಮೇಲೆ ಬದಲಾಯಿಸೋಕೆ ಬರಲ್ಲ. ದಾಖಲೆ ಏನಾದ್ರೂ ಇದ್ರೆ..."

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್? ಅವಳ ಮಗಳು ನಾನು, ಎದುರಿಗೆ ನಿಂತು ಹೇಳ್ತಿದೀನಿ."

ಅವರು ಬೇಜಾರು ಮಾಡಿಕೊಳ್ಳದೆ ಕಬ್ಬಿಣದ ಬೀರು ತೆಗೆದು, ಫೈಲಿನಿಂದ ಒಂದು ಹಾಳೆ ಎತ್ತಿ ಮೇಜಿನ ಮೇಲೆ ಇಟ್ಟರು. ದಾನಿಯ ಹೇಳಿಕೆ. "ನಾನು ಹುಡುಗನಾಗಿದ್ದಾಗ ಉಳುಮೆ ಕಲಿಯಲೆಂದು ನನ್ನ ತಂದೆ ಈ ನೇಗಿಲನ್ನು ಮಾಡಿಸಿಕೊಟ್ಟರು." ಕೆಳಗೆ ಸಹಿ, ಬಾಲ ಗಾಳದ ಹಾಗೆ ಮೇಲಕ್ಕೆ ತಿರುಗಿದ್ದು. ಆ ಸಹಿಯನ್ನು ಅವಳು ಎಲ್ಲಿ ಕಂಡರೂ ಗುರುತಿಸುತ್ತಿದ್ದಳು. ಅವಳ ತಮ್ಮನದು.

"ಅವರೇ ಬಂದು ತಿದ್ದಿ ಬರೆದುಕೊಟ್ರೆ ಮಾರನೇ ದಿನ ಚೀಟಿ ಬದಲಾಯಿಸ್ತೀನಿ. ಕೊಟ್ಟವರ ಮಾತು ಮೀರೋ ಹಾಗಿಲ್ಲ," ಎಂದರು ಚೀಟಿ ಸಾರ್.

ಅಪ್ಪ ಸತ್ತಾಗ ತಮ್ಮನಿಗೆ ನಾಲ್ಕು ವರ್ಷ. ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಅಪ್ಪ ಅವನಿಗೆ ನೇಗಿಲು ಮಾಡಿಸಿಕೊಟ್ಟನಂತೆ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ತಮ್ಮನದು ಪಂಪ್‌ಸೆಟ್ ರಿಪೇರಿ ಅಂಗಡಿ. ಸಂಜೆ ಅವಳು ಹೋದಾಗ ಮೋಟಾರು ಬಿಚ್ಚಿ ಹರಡಿಕೊಂಡು, ತಾಮ್ರದ ತಂತಿ ಸುತ್ತುತ್ತ ಕೂತಿದ್ದ.

"ಅಪ್ಪ ಯಾವಾಗ ಕಣೋ ನಿಂಗೆ ನೇಗಿಲು ಮಾಡಿಸಿಕೊಟ್ಟಿದ್ದು? ಕನಸಲ್ಲಿ ಬಂದಿದ್ನಾ?"

ಅವನಿಗೆ ತಕ್ಷಣ ಅರ್ಥವಾಯಿತು. "ಮೆಲ್ಲಗೆ ಮಾತಾಡಕ್ಕ. ಗಿರಾಕಿಗಳಿದಾರೆ."

"ಇರ್ಲಿ. ಕೇಳಿಸ್ಕೊಳ್ಲಿ. ಆ ನೇಗಿಲನ್ನ ಒಂದು ದಿನ ಮುಟ್ಟಿದೀಯಾ ನೀನು?"

"ಮತ್ತೇನಂತ ಬರೀಬೇಕಿತ್ತು? ಮನೇಲಿ ಗಂಡಸಿರ್ಲಿಲ್ಲ, ಅಮ್ಮ ಎತ್ತಿನ ಹಿಂದೆ ಹೊಲದಲ್ಲಿ ಬೀಳ್ತಾ ಏಳ್ತಾ ಇದ್ಲು, ಊರೆಲ್ಲ ನಿಂತು ನಗ್ತಿತ್ತು ಅಂತಲಾ? ಗಾಜಿನ ಪೆಟ್ಟಿಗೇಲಿಟ್ಟು ಇನ್ನೊಂದ್ಸಲ ನಗಿಸ್ಬೇಕಿತ್ತಾ?"

"ಆ ನಗೆ ಮಧ್ಯದಲ್ಲೇ ಉತ್ತು ನಿನ್ನ ಹೊಟ್ಟೆ ತುಂಬಿಸಿದ್ಲು. ಉಂಡ ಮನೆಗೆ ಎರಡು ಬಗೆದೆಯಲ್ಲೋ!"

ತಮ್ಮ ತಂತಿಯನ್ನು ಕೆಳಗಿಟ್ಟ. ಅವನಿಗೂ ಸಿಟ್ಟು ಬಂದಿತ್ತು, ಒಂದೇ ತಾಯಿಯ ಮಕ್ಕಳಲ್ಲವೇ. "ನಾನು ಒಂದು ಸಲ ಬರೆದೆ ಕಣಕ್ಕ. ನೀನು? ಆರು ವರ್ಷದಿಂದ ವೇಷ ಹಾಕ್ಕೊಂಡು ದಿನಾ ಹೇಳ್ತೀಯಲ್ಲ, ಹೆಂಗಸರು ನೇಗಿಲು ಮುಟ್ಟಲ್ಲ ಅಂತ. ನಗ್ತಾ ಬೇರೆ ಹೇಳ್ತೀಯ. ಮಕ್ಕಳನ್ನ ಕರ್ಕೊಂಡು ಬಂದು ನೋಡಿದೀನಿ ನಾನು. ಎಲ್ಲರ ಜೊತೆ ಚಪ್ಪಾಳೆನೂ ತಟ್ಟಿದೆ."

ಅವಳು ಅಂಗಡಿಯಿಂದ ಹೊರಬಿದ್ದಳು. ಬಸ್ಸು ಹತ್ತದೆ ನಾಲ್ಕು ಸ್ಟಾಪು ನಡೆದೇ ಮನೆಗೆ ಹೋದಳು. ತಮ್ಮನ ಮೇಲೆ ಸಿಟ್ಟು, ಚೀಟಿ ಸಾರ್ ಮೇಲೆ ಸಿಟ್ಟು, ನಗುವ ಜಾಗವನ್ನೂ ಬರೆದುಕೊಟ್ಟ ಆ ಕಾಗದದ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ತನ್ನ ಮೇಲೆ. ಹತ್ತು ವರ್ಷದ ಹುಡುಗಿ ಹೇಳಿದರೆ ಭಯ ಅನ್ನಬಹುದು. ಐವತ್ತೆಂಟು ವರ್ಷದವಳು ಸಂಬಳ ತೆಗೆದುಕೊಂಡು ಹೇಳಿದರೆ? ಗಂಡ ಊಟಕ್ಕೆ ಕರೆದ. ಅವಳಿಗೆ ಆ ಇಲ್ಲದ ಮಾವನ ತಟ್ಟೆ ನೆನಪಾಗಿ, ತನ್ನ ತಟ್ಟೆ ಸರಿಸಿ ಎದ್ದಳು.

ಮರುದಿನ ಬೆಳಗಿನ ಮೊದಲ ಪ್ರದರ್ಶನ. ಬದುವಿನ ಮೇಲೆ ನಡೆದು ಬಂದಳು, ಜನರ ಕಡೆ ತಿರುಗಿದಳು, ಕೈ ಸೊಂಟಕ್ಕೂ ಹೋಯಿತು. "ನಮ್ಮ ಕಾಲದಲ್ಲಿ ಹೆಂಗಸರು..." ಎಂದು ನಿಂತುಬಿಟ್ಟಳು. ಅವಳು ಮಾತು ಮರೆತಳೆಂದುಕೊಂಡು ಯಜಮಾನ ಮೀಸೆಯ ಸಂದಿಯಿಂದಲೇ ಪಿಸುಗುಟ್ಟಿದ: "ನೇಗಿಲು ಮುಟ್ಟಲ್ಲ, ನೇಗಿಲು ಮುಟ್ಟಲ್ಲ!"

"ಸರೀರಿ ಆ ಕಡೆ," ಎಂದಳು. ಗಂಟನ್ನು ಅವನ ಕೈಗೆ ತುರುಕಿ ಮೇಳಿ ಹಿಡಿದಳು.

ನಲವತ್ತು ವರ್ಷವಾಗಿತ್ತು. ಅಮ್ಮನಿಗೆ ಜ್ವರ ಬಂದ ವರ್ಷ ಒಂದು ತಿಂಗಳು ಉತ್ತಿದ್ದೇ ಕೊನೆ. ಸಾಲು ಮೊದಲು ಸೊಟ್ಟಗಾಯಿತು. ಆಮೇಲೆ ಕೈಗೆ ನೆನಪು ಬಂತು, ಗದರಿದರೆ ಎತ್ತುಗಳಿಗೂ ಅರ್ಥವಾಯಿತು, ನೆಲ ಸೀಳಿಕೊಂಡು ನೆಟ್ಟಗೆ ತೆರೆಯಿತು. ಆದರೆ ನಾಲ್ಕು ಮಾರು ಹೋಗುವುದರೊಳಗೆ ನೇಗಿಲ ಕಬ್ಬಿಣದ ಕುಳ ಮಣ್ಣಿನ ಹೆಂಟೆಗೆ ಸಿಕ್ಕಿ, ಹಿಡಿಗೂಟ ಎದೆಮೂಳೆಗೆ ಬಂದು ಬಡಿಯಿತು. ಉಸಿರು ಕಟ್ಟಿತು. ಇನ್ನೆರಡು ಹೆಜ್ಜೆಗೆ ಮತ್ತೆ ಅದೇ ಜಾಗಕ್ಕೆ ಬಡಿಯಿತು. ಇದು ಆಳೆತ್ತರದ ಗಂಡಸಿನ ಮೇಳಿ. ಅವಳು ಹಿಡಿದಿದ್ದುದೆಲ್ಲ ಅಮ್ಮ ಕುಯ್ದ ಮೇಳಿಯನ್ನೇ. ಕುಯ್ಯುವುದಕ್ಕೆ ಮೊದಲಿನ ಆ ಎರಡು ದಿನ ಅಮ್ಮನ ಎದೆಗೆ ಏನಾಗಿತ್ತು ಎಂಬುದು ಅವಳಿಗೆ ಆವತ್ತೇ ತಿಳಿದದ್ದು.

ಎತ್ತು ನಿಲ್ಲಿಸಿ ಬೇಲಿಯ ಕಡೆ ತಿರುಗಿದಳು. ಗಂಟಲು ಕಿತ್ತು ಬರುವಂಥ ದನಿ.

"ನೋಡಿದ್ರಾ? ಎದೆಗೆ ಬಡೀತು. ನಮ್ಮಮ್ಮನಿಗೂ ಬಡೀತಿತ್ತು, ಅದಕ್ಕೇ ಮೇಳಿ ಕುಯ್ದಳು. ಒಳಗೆ ಗಾಜಿನ ಪೆಟ್ಟಿಗೇಲಿದೆ, ಹೋಗಿ ನೋಡಿ. ಹುಡುಗರದು ಅಂತ ಚೀಟಿ ಅಂಟಿಸಿದಾರೆ. ಹುಡುಗನಿಗೋಸ್ಕರ ಯಾರಾದ್ರೂ ಮೇಳಿ ಕುಯ್ತಾರಾ? ಹುಡುಗ ಬೆಳೀತಾನೆ, ಕುಯ್ದ ಮರ ಬೆಳೆಯತ್ತಾ? ಬೆಳೆಯೋದು ಮುಗಿದೋರಿಗೋಸ್ಕರ ಕುಯ್ಯೋದು ಅದನ್ನ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಲಿಯ ಮೂಲೆಯಲ್ಲಿ ಚೀಟಿ ಸಾರ್ ನಿಂತಿದ್ದರು. ಏನೋ ಬರೆದುಕೊಳ್ಳಲು ಬಂದವರು ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತಿದ್ದರು.

ಮ್ಯಾನೇಜರ್ ಕರೆಸಿ ಕೂಗಾಡಿದ. ಕಾಗದದಲ್ಲಿ ಇಲ್ಲದ್ದನ್ನು ಇನ್ನೊಮ್ಮೆ ಆಡಿದರೆ ನಾಳೆಯಿಂದ ಬರುವುದೇ ಬೇಡ ಎಂದ. ಚೀಟಿ ಸಾರ್ ನಡುವೆ ಬಾಯಿ ಹಾಕಿ, "ಮೇಳಿ ವಿಷಯ ಅವರು ಹೇಳಿದ್ದು ಸರಿ. ಇಷ್ಟು ಓದಿದ ನನಗೆ ಹೊಳೀಲಿಲ್ಲ. ಆದ್ರೆ ದಾನಿಯ ಸಹಿ ಇಲ್ದೆ ನನ್ನ ಕೈ ಕಟ್ಟಿದೆ" ಎಂದರು. ಕೊನೆಗೆ ಮ್ಯಾನೇಜರ್ ಒಂದು ಉಪಕಾರ ಮಾಡಿದ: "ಆ ವಾಕ್ಯ ಬಿಟ್ಟುಬಿಡಿ. ಏನೂ ಹೇಳ್ಬೇಡಿ. ಬುತ್ತಿ ಇಟ್ಟು ನಗ್ತಾ ಹೋಗ್ಬಿಡಿ." ಆರು ವರ್ಷ ಸುಳ್ಳು ಹೇಳಿಸಿ ಈಗ ಬಾಯಿ ಮುಚ್ಚಿಸುವುದು! ಅವಳು ಹಲ್ಲು ಕಚ್ಚಿ ಮೂರು ದಿನ ಬುತ್ತಿ ಇಟ್ಟಳು. ನಗಲಿಲ್ಲ.

ಭಾನುವಾರ ಜನ ಕಿಕ್ಕಿರಿದಿದ್ದರು. ಅವಳು ಉತ್ತದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದರು. ಅವಳು ಆ ದಿನ ಕನ್ನಡಕ ಕಳಚಿಡಲಿಲ್ಲ, ಗೇಟಿನವನು ಕೈಸನ್ನೆ ಮಾಡಿದರೂ ಕಂಡರೂ ಕಾಣದ ಹಾಗೆ ನಡೆದಳು. ಹಾಗಾಗಿ ಬೇಲಿಯಾಚೆಯ ಮುಖಗಳು ಮೊದಲ ಸಲ ಸ್ಪಷ್ಟವಾಗಿ ಕಂಡವು. ಅವುಗಳ ನಡುವೆ ತಮ್ಮ. ಒಬ್ಬನೇ ಬಂದಿದ್ದ, ಟಿಕೆಟ್ ಮುದುರಿ ಹಿಡಿದುಕೊಂಡಿದ್ದ, ಉಗುರಿನ ಸಂದಿಯ ಗ್ರೀಸ್ ಕೂಡ ತೊಳೆದಿರಲಿಲ್ಲ.

ಕೆಲಸ ಹೋದರೆ ಹೋಗಲಿ ಎಂದುಕೊಂಡಳು. ಅವನ ಮುಖವನ್ನೇ ನೋಡುತ್ತ ಬಾಯಿ ತೆರೆದಳು.

"ನಮ್ಮ ಕಾಲದಲ್ಲಿ ಹೆಂಗಸರು ನೇಗಿಲು ಮುಟ್ಟಲ್ಲ ಅಂತ ಹೇಳ್ತಿದ್ರು. ಯಾರು ಹೇಳ್ತಿದ್ರು ಗೊತ್ತಾ? ಹೆಂಗಸು ಉತ್ತ ಹೊಲದ ಅನ್ನ ತಿಂದೋರು. ಅವರಲ್ಲಿ ನಾನೂ ಒಬ್ಬಳು."

ತಮ್ಮ ತಲೆ ತಗ್ಗಿಸಿದ. ಅವನು ಜನರನ್ನು ಸರಿಸಿಕೊಂಡು ಹಿಂದಕ್ಕೆ ಹೋಗಿ ಗೇಟಿನವನನ್ನು ಏನೋ ಕೇಳುವುದು, ಗೇಟಿನವನು ಚೀಟಿ ಸಾರ್ ಕೋಣೆಯ ಕಡೆ ಕೈ ತೋರಿಸುವುದು ಅವಳಿಗೆ ಕಾಣಿಸಿತು. ಅವಳು ಅವನನ್ನು ಕೂಗಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಗಂಟನ್ನು ಬದುವಿನ ಮೇಲೆ ಇಟ್ಟು, ಆರು ವರ್ಷದಲ್ಲಿ ಮೊದಲ ಸಲ ಅದನ್ನು ಬಿಚ್ಚಿ, ಒಳಗಿನ ಹೊಟ್ಟನ್ನೆಲ್ಲ ಎತ್ತುಗಳ ಮುಂದೆ ಸುರಿದಳು.